ಜಗಳಕ್ಕೊಂದು ಹೊತ್ತು ಗೊತ್ತು ಮಾಡಿ: ಹೊಸ ಜೋಡಿಗಳ ಜೊತೆ ನನ್ನ ಅನುಭವ

ನಾನು ಹೊಸ ಜೋಡಿಗಳಿಗೆ ಆಪ್ತಸಮಾಲೋಚನೆ ಮಾಡ್ತೀನಿ. ವಾರಕ್ಕೊಮ್ಮೆ ಕೂತು ಮಾತಾಡಿ, ಸಿಕ್ಕ ಪರಿಹಾರವನ್ನು ನೋಟ್‌ಬುಕ್‌ನಲ್ಲಿ ಬರೆದಿಡೋಕೆ ಹೇಳ್ತೀನಿ. ಗಂಡ ಹೆಂಡತಿಯನ್ನು ಹೀಗೆ ಎದುರುಬದುರು ಕೂರಿಸಿ ಕೈಗೊಂದು ನೋಟ್‌ಬುಕ್ ಕೊಟ್ಟರೆ ಜಗಳ ಬಗೆಹರಿಯುತ್ತಾ ಅಂತ ಹಾಸನದ ಕಡೆ ಆಪ್ತಸಮಾಲೋಚನೆ ಮಾಡುವ ಹಿರಿಯರೇ ಅನುಮಾನಪಟ್ಟಿದ್ದರು. ನಮ್ಮಲ್ಲಿ ರೂಢಿ ಬೇರೆ: ಎರಡೂ ಕಡೆಯ ದೊಡ್ಡವರು ಕೂತು, ಬುದ್ಧಿ ಹೇಳಿ, ಊಟ ಹಾಕಿ ಕಳಿಸೋದು. ಆ ರಾಜಿ ಮುಂದಿನ ಹಬ್ಬದವರೆಗೂ ಬಾಳೋದು ಕಷ್ಟ. ತೀರ್ಮಾನ ಹೇಳಿದವರು ಒಬ್ಬರು, ಅದರ ಜೊತೆ ಬದುಕಬೇಕಾದವರು ಇನ್ನೊಬ್ಬರು. ನೋಟ್‌ಬುಕ್ ಹಿಡಿದ ಹತ್ತು ಜೋಡಿಯಲ್ಲಿ ಆರೇಳು ಜೋಡಿ ವರ್ಷ ಕಳೆದರೂ ಬರೀತಾನೇ ಇದ್ದಾರೆ. ಇದನ್ನು ಹೆಮ್ಮೆಯಿಂದಲೇ ಹೇಳ್ತೀನಿ.

ವಾರಕ್ಕೊಮ್ಮೆ ಅರ್ಧ ಗಂಟೆ, ಒಂದೇ ವಿಷಯ. ಭಾನುವಾರ ತಿಂಡಿ ಆದ ಮೇಲೆ ಒಳ್ಳೇದು. ಉಂಡು ಮಲಗೋ ತನಕ ಅಂತ ನಂಬಿ ರಾತ್ರಿಯೇ ಮುಗಿಸಲು ಹೊರಟವರ ಜಗಳ ಬೆಳಗ್ಗೆ ಮತ್ತೆ ಏಳುತ್ತೆ. ದಣಿದವರು ಒಪ್ಪೋದು ನಿದ್ದೆಗೋಸ್ಕರ. ಒಬ್ಬರು ಮೂರು ನಿಮಿಷ ಮಾತಾಡಬೇಕು. ಇನ್ನೊಬ್ಬರು ಕೇಳಿದ್ದನ್ನು ತಮ್ಮ ಮಾತಲ್ಲಿ ತಿರುಗಿ ಹೇಳಬೇಕು. "ಹೌದು, ಅದನ್ನೇ ಹೇಳಿದ್ದು" ಅನ್ನೋವರೆಗೂ ಸರದಿ ಬದಲಾಗಲ್ಲ.

ಕೆಡೋದು ಇಲ್ಲೇ. "ಅತ್ತೆ ಎದುರಿಗೆ ಸಾರಿಗೆ ಉಪ್ಪು ಜಾಸ್ತಿ ಅಂದ್ರಿ, ನಂಗೆ ಅವಮಾನ ಆಯ್ತು ರೀ" ಅಂತಾಳೆ. "ಅಂದ್ರೆ ನಾನಿನ್ನು ಬಾಯೇ ಬಿಡಬಾರದು, ಅಲ್ವಾ?" ಅಂತಾನೆ. ಅದು ಉತ್ತರ ಆಯ್ತು, ಕೇಳಿದ್ದನ್ನು ತಿರುಗಿ ಹೇಳಿದ ಹಾಗಾಗಲಿಲ್ಲ. "ಅಮ್ಮನ ಎದುರಿಗೆ ಅಂದಿದ್ದು ನಿಂಗೆ ನೋವಾಯ್ತು, ಒಬ್ಬಳೇ ಇದ್ದಾಗ ಹೇಳಬಹುದಿತ್ತು" ಅನ್ನೋ ಮಾತು ಬರೋಕೆ ಮೂರ್ನಾಲ್ಕು ಸಲ ತಿದ್ದಬೇಕು. ತಿದ್ದುವಾಗ ನಾವು ನ್ಯಾಯ ಹೇಳೋಕೆ ಹೋದರೆ ಕೆಲಸ ಕೆಟ್ಟಿತು.

ಎದೆ ಡವಡವ ಅಂದರೆ ನಿಲ್ಲಿಸಿ. ನಾಡಿಬಡಿತ ನಿಮಿಷಕ್ಕೆ 100 ದಾಟಿದ ಮೇಲೆ ಕಿವಿಗೆ ಏನೂ ಇಳಿಯಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ಜಾನ್ ಗಾಟ್‌ಮನ್ ಅನ್ನೋ ಮನಶ್ಶಾಸ್ತ್ರಜ್ಞ ದಂಪತಿಗಳನ್ನು ಕೂರಿಸಿ, ಜಗಳದ ಮಾತಿನ ನಡುವೆ ಅವರ ನಾಡಿ ಅಳೆದು ಕಂಡುಕೊಂಡದ್ದು ಇದು. ಕಡಿಮೆ ಅಂದರೂ 20 ನಿಮಿಷ ಬಿಡುವು ಬೇಕು. ಎದ್ದು ಹೋಗೋರು ಎಷ್ಟು ಹೊತ್ತಿಗೆ ಬರ್ತೀನಿ ಅಂತ ಹೇಳಿಯೇ ಏಳಬೇಕು. ಹೇಳದೆ ಬೈಕ್ ಹತ್ತಿದರೆ ಜಗಳ ಎರಡಾಗುತ್ತೆ.

ಆಮೇಲೆ ಪರಿಹಾರ: ಐದು ದಾರಿ ಬರೆಯಿರಿ, ಬರೆಯೋವಾಗ ಯಾವುದಕ್ಕೂ ತಕರಾರು ಬೇಡ. ಒಂದನ್ನು ಆರಿಸಿ 15 ದಿನ ನೋಡಿ. ಯಾರು, ಏನು, ಯಾವ ತಾರೀಕು ಅಂತ ಬರೆಯದಿದ್ದರೆ ಅದು ನಡೆಯಲ್ಲ.

ದುಡ್ಡಿನದ್ದೇ ದೊಡ್ಡ ಗಂಟು. ಮೂಡಿಗೆರೆ, ಸಕಲೇಶಪುರದ ಸಣ್ಣ ಬೆಳೆಗಾರರ ಮನೆಗೆ ಕಾಫಿ ಮಾರಿದಾಗ ದುಡ್ಡು ಒಟ್ಟಿಗೆ ಬರುತ್ತೆ. ಬಟವಾಡೆ, ಗೊಬ್ಬರ, ಸ್ಪ್ರಿಂಕ್ಲರ್ ಡೀಸೆಲ್ ಅಂತ ವರ್ಷವಿಡೀ ಹೋಗುತ್ತೆ. ಹುಡುಗಿ ತಿಂಗಳ ಸಂಬಳದ ಮನೆಯವಳು. "ಈ ತಿಂಗಳಿಗೆ ಎಷ್ಟಿದೆ ರೀ?" ಅಂದರೆ ಅವನಿಗೆ ಲೆಕ್ಕ ಕೇಳಿದ ಹಾಗೆ ಕೇಳಿಸುತ್ತೆ. ಕೊನೆಗೆ ಉಳಿದುಕೊಂಡ ದಾರಿ ಹೀಗಿದೆ: ಮಾರಿದ ತಕ್ಷಣ ಮನೆಖರ್ಚನ್ನು ಬೇರೆ ಇಟ್ಟು 12 ಪಾಲು ಮಾಡಿ, ಪ್ರತಿ ತಿಂಗಳು 5ನೇ ತಾರೀಕು ಜಂಟಿ ಖಾತೆಗೆ ಹಾಕೋದು. ಸುಮಾರು 12ರಿಂದ 15 ಸಾವಿರ. ಲೆಕ್ಕ ಕೇಳದ ಕೈಖರ್ಚು ಇಬ್ಬರಿಗೂ ಸಾವಿರದೈನೂರರಂತೆ. ಮುಯ್ಯಿಗೆ ವರ್ಷಕ್ಕೆ ಹತ್ತು ಸಾವಿರ ಎತ್ತಿಟ್ಟು, ಎರಡೂ ಕಡೆಯ ನೆಂಟರಿಗೆ ಒಂದೇ ದರ. ಇಷ್ಟಾದರೆ ಮದುವೆ ಸೀಸನ್ನಿನ ಅರ್ಧ ಜಗಳ ಇಲ್ಲ.

ನಮ್ಮ ಫೀಸಿನದ್ದೂ ಹೇಳಿಬಿಡ್ತೀನಿ. ಪುಕ್ಕಟೆ ಇದ್ದಾಗ ಒಂದು ಸಲ ಬಂದು ಮಾಯವಾಗೋರು. ಸಿಟ್ಟಿಂಗ್‌ಗೆ 300ರಂತೆ ಐದಕ್ಕೆ ಮುಂಗಡ ತೆಗೆದುಕೊಳ್ಳೋಕೆ ಶುರು ಮಾಡಿದ ಮೇಲೆ ನೋಟ್‌ಬುಕ್ ತುಂಬಿಸಿಕೊಂಡು ಬರ್ತಾರೆ.

ಆಷಾಢಕ್ಕೆ ಹುಡುಗಿ ತವರಿಗೆ ಹೋದಾಗ ವಾಟ್ಸಾಪ್‌ನಲ್ಲಿ ಬರೆಸಿ ನೋಡಿದ್ದೂ ಉಂಟು. ಕೆಟ್ಟಿತು, ಬರೀ "ಆಯ್ತು" ಅಂತ ಬಂದರೆ ಸಿಟ್ಟೋ ಒಪ್ಪಿಗೆಯೋ ಗೊತ್ತಾಗಲ್ಲ. ಎರಡು ನಿಮಿಷದೊಳಗಿನ ವಾಯ್ಸ್ ಮೆಸೇಜ್, ಉತ್ತರದಲ್ಲಿ ಮೊದಲು ಕೇಳಿದ್ದನ್ನು ತಿರುಗಿ ಹೇಳೋದು: ಇದು ಪರವಾಗಿಲ್ಲ. ಎದುರಿಗೆ ಬಾಯಿ ಬಿಡದ ಗಂಡಸರು ಹಾಸನದ ಮಹಾರಾಜ ಪಾರ್ಕ್‌ನಲ್ಲಿ ಹೆಂಡತಿ ಪಕ್ಕ ನಡೆಯುತ್ತಾ ಎರಡನೇ ಸುತ್ತಿಗೆ ಮಾತಾಡ್ತಾರೆ. ತೀರಾ ಮೌನಿಗಳಿಗೆ ಮೊದಲ ದಿನ ಕೇಳುವ ಒಂದು ಪ್ರಶ್ನೆ ಇದೆ. ಅದನ್ನು ಎದುರಿಗೆ ಕೂತೇ ತೋರಿಸಬೇಕು, ಇಲ್ಲಿ ಬರೆಯಲ್ಲ.

ಜೋಡಿಗಳನ್ನು ಕೂರಿಸೋ ಸಮಾಲೋಚಕರೇ, ಶುರುವಿಗೂ ಮುಂಚೆ ಇಬ್ಬರನ್ನೂ ಬೇರೆಬೇರೆಯಾಗಿ ಹತ್ತು ನಿಮಿಷ ಮಾತಾಡಿಸಿ. ಹೊಡೆತ, ಬೆದರಿಕೆ ಇರುವ ಕಡೆ ನೋಟ್‌ಬುಕ್ ತೆಗೆಯಲೇಬೇಡಿ. ಅಲ್ಲಿ ಮನಬಿಚ್ಚಿ ಆಡಿದ ಮಾತಿಗೆ ಮನೆಗೆ ಹೋದ ಮೇಲೆ ಹೆಂಡತಿ ಏಟು ತಿನ್ನಬೇಕಾಗುತ್ತೆ. ಅವಳಿಗೆ 181 ಸಹಾಯವಾಣಿ ತಿಳಿಸಿ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಸಂರಕ್ಷಣಾಧಿಕಾರಿಯ ಹತ್ತಿರ ಕಳಿಸಿ.