ಟರ್ಪೆಂಟೈನ್ ಇಲ್ಲದೆ ತಾಡಪಾಲು: ನನ್ನ ಅನುಭವ

ಈ ಮಳೆಗಾಲದಲ್ಲಿ ನನ್ನ ಶೆಡ್ಡಿನಿಂದ ಹೋದ ಕ್ಯಾನ್ವಾಸ್ ತಾಡಪಾಲುಗಳಲ್ಲಿ ಒಂದಕ್ಕೂ ಟರ್ಪೆಂಟೈನ್ ಮುಟ್ಟಿಸಿಲ್ಲ. ದಾವಣಗೆರೆ ಎಪಿಎಂಸಿಯಿಂದ ಮೆಕ್ಕೆಜೋಳ ಹೇರಿಕೊಂಡ ಲಾರಿಗಳು ಘಟ್ಟದ ಮಳೆಯಲ್ಲಿ ಇಳಿದು ಬಂದಿವೆ. ಒಂದು ಚೀಲ ನೆನೆಯಿತು ಎಂಬ ದೂರೂ ಬಂದಿಲ್ಲ. "ಏನಪ್ಪಾ, ತಾಡಪಾಲಿಗೆ ಸೋಪು ಹಚ್ಚಿ ಸ್ನಾನ ಮಾಡಿಸ್ತೀಯಂತೆ?" ಎಂದು ನಕ್ಕ ಮಾಲೀಕರೇ ಈಗ ಹಳೇ ತಾಡಪಾಲು ಹೊರಿಸಿಕೊಂಡು ಬರುತ್ತಿದ್ದಾರೆ. ಕಸುಬಿನವರು ಬಹಳ ಜನ ಕೇಳಿದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ. ಹೊಲಿಗೆ, ಅಂಚು ಮಡಿಸುವುದು, ಐಲೆಟ್ (ಹಗ್ಗ ಕಟ್ಟುವ ತೂತಿನ ಲೋಹದ ಬಳೆ) ಹೊಡೆಯುವುದು ನಿಮಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

ಕ್ಯಾನ್ವಾಸಿನಲ್ಲಿ ನೀರು ಇಳಿಯದಂತೆ ಮಾಡುವ ಹಳೇ ಪದ್ಧತಿ ಎಲ್ಲರದ್ದೂ ಒಂದೇ: ಮೇಣ ಕರಗಿಸಿ, ತೆಳುವಾಗಲೆಂದು ಟರ್ಪೆಂಟೈನಿಗೆ ಬೆರೆಸಿ, ಬ್ರಷ್ಷಿನಲ್ಲಿ ಬಳಿದು ಒಣಹಾಕುವುದು. ಕೆಲವರು ಸೀಮೆಎಣ್ಣೆ ಹಾಕುತ್ತಾರೆ, ಇನ್ನು ಕೆಲವರು ಪೆಟ್ರೋಲನ್ನೇ ಸುರಿಯುತ್ತಾರೆ. 24x18 ಅಡಿಯ ಒಂದು ತಾಡಪಾಲಿಗೆ ನನಗೆ ಹನ್ನೆರಡು ಲೀಟರ್ ಆಸುಪಾಸು ಟರ್ಪೆಂಟೈನ್ ಬೇಕಿತ್ತು. ಅದರಲ್ಲಿ ಒಂದು ಹನಿಯೂ ಬಟ್ಟೆಯಲ್ಲಿ ಉಳಿಯುವುದಿಲ್ಲ. ಅಷ್ಟೂ ಆವಿಯಾಗಿ ಹೊಲಿಗೆಗೆ ಕೂತ ಹೆಣ್ಣುಮಕ್ಕಳ ಮೂಗಿಗೆ ಹೋಗುತ್ತದೆ. ಮಧ್ಯಾಹ್ನದ ಹೊತ್ತಿಗೆ ತಲೆನೋವು, ಕಣ್ಣುರಿ, ವಾಕರಿಕೆ. ಬಟ್ಟೆಯ ಮಾಸ್ಕು ಕೊಟ್ಟು ಕೈತೊಳೆದುಕೊಂಡವರಿದ್ದಾರೆ. ಅದು ಧೂಳು ತಡೆಯುತ್ತದೆ, ಆವಿಯನ್ನಲ್ಲ. ಇದ್ದಿಲಿನ ಡಬ್ಬಿ ಇರುವ ಮಾಸ್ಕು ತಂದುಕೊಟ್ಟೆ. ಬೇಸಿಗೆಯ ಸೆಕೆಗೆ ಅರ್ಧ ಗಂಟೆಯೂ ಯಾರ ಮುಖದ ಮೇಲೂ ನಿಲ್ಲಲಿಲ್ಲ, ಡಬ್ಬಿ ಬದಲಿಸುವ ಖರ್ಚು ಬೇರೆ. ಇನ್ನು ಬೆಂಕಿಯ ಮಾತು. ಈ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ. ನಮ್ಮ ಬೀದಿಯ ಇನ್ನೊಂದು ಶೆಡ್ಡಿನಲ್ಲಿ ಬಾಗಿಲಾಚೆ ಚಹಾಕ್ಕೆ ಹಚ್ಚಿದ ಸ್ಟೋವಿನಿಂದ ಬೆಂಕಿ ನೆಲದ ಮೇಲೇ ಓಡಿ ಒಳಗೆ ಬಂತು. ಜೀವ ಉಳಿಯಿತು, ಸರಕು ಉಳಿಯಲಿಲ್ಲ. ಅದನ್ನು ಕಣ್ಣಾರೆ ಕಂಡ ಮೇಲೆ ಬೇರೆ ದಾರಿ ಹುಡುಕಿದೆ.

ದಾರಿ ಹೊಸದೇನಲ್ಲ, ಸೋಪು ಮತ್ತು ಪಟಿಕ. ಮೊದಲು ಸೋಪಿನ ನೀರು, ಆಮೇಲೆ ಪಟಿಕದ ನೀರು. ಎರಡೂ ನೂಲಿನೊಳಗೆ ಸೇರಿ ನೀರಿಗೆ ಕರಗದ ಜಿಡ್ಡಾಗಿ ಕೂರುತ್ತವೆ. ಹಳಬರೊಬ್ಬರು ಸೀಸದ ಉಪ್ಪು ಸೇರಿಸಿದರೆ ಇನ್ನೂ ಗಟ್ಟಿ ಎಂದರು. ಹಿಂದೆ ಹಾಗೆ ಮಾಡುತ್ತಿದ್ದುದು ನಿಜ, ಆದರೆ ಸೀಸ ವಿಷ. ಆಳುಗಳು ಕೈಯಿಂದ ಹಿಂಡುವ ಬಟ್ಟೆಗೆ ಅದನ್ನು ನಾನು ಹಾಕಲಾರೆ.

ಶುರುವಿನ ಲಾಟು ಪೂರ್ತಿ ಹಾಳಾಯಿತು. ತಾಡಪಾಲಿನ ಮೇಲೆಲ್ಲ ಬಿಳಿ ಬಿಳಿ ಮೊಸರಿನಂಥ ಕಲೆ, ಜೋಳಿಗೆ ಮಾಡಿ ನೀರು ಸುರಿದರೆ ಗಂಟೆಯೊಳಗೆ ತೊಟ್ಟಿಕ್ಕುತ್ತಿತ್ತು. ಅರ್ಧ ಬೆಲೆಗೆ ಕೊಟ್ಟು ಕಳೆದುಕೊಂಡೆ, ಮೂವತ್ತು ಸಾವಿರದ ಮೇಲೆ ಹೋಯಿತು. ನಮ್ಮ ಮೇಸ್ತ್ರಿ ಸೋಪನ್ನು ಬೈದರು. ತಪ್ಪು ಸೋಪಿನದಲ್ಲ, ಬೋರಿನ ನೀರಿನದು. ಗಡಸು ನೀರಿನ ಸುಣ್ಣ ಸೋಪನ್ನೆಲ್ಲ ಮೊದಲೇ ತಿಂದುಬಿಡುತ್ತದೆ, ಬಟ್ಟೆಗೆ ಏನೂ ಉಳಿಯುವುದಿಲ್ಲ. ಈಗ ಮಳೆನೀರು ತುಂಬಿಟ್ಟುಕೊಳ್ಳುತ್ತೇನೆ. ಅದು ತೀರಿದರೆ ನಲ್ಲಿಯಲ್ಲಿ ಬರುವ ಹೊಳೆ ನೀರು. ಬಾಟಲಿಯಲ್ಲಿ ಚೂರು ಸೋಪು ಹಾಕಿ ಕುಲುಕಿ ನೋಡಿ. ನೊರೆ ನಿಂತರೆ ಆ ನೀರು ಆಗುತ್ತದೆ.

ಸೋಪು ಎಂದರೆ ಎಣ್ಣೆಯಿಂದ ಮಾಡಿದ ಬಾರ್ ಸೋಪು. ಡಿಟರ್ಜೆಂಟ್ ಪುಡಿ ಹಾಕಿದರೆ ಕೆಲಸ ಕೆಟ್ಟಂತೆ, ಅದು ಬಟ್ಟೆಯೊಳಗೆ ನೀರನ್ನು ಕರೆದುಕೊಂಡೇ ಹೋಗುತ್ತದೆ. ಗಿರಣಿಯಿಂದ ಬಂದ ಹೊಸ ಕ್ಯಾನ್ವಾಸಿನಲ್ಲಿ ಗಂಜಿ ಇರುತ್ತದೆ. ಒಂದು ರಾತ್ರಿ ನೆನೆಹಾಕಿ ಬಿಸಿನೀರಲ್ಲಿ ತೊಳೆಯದೆ ಮುಂದೆ ಹೋಗಬೇಡಿ. ನನ್ನ ಲೆಕ್ಕ ಹದಿನೈದು-ಹದಿನಾರು ಲೀಟರಿಗೆ ಕಿಲೋ ಸೋಪು, ಪಟಿಕಕ್ಕೂ ಹೆಚ್ಚುಕಡಿಮೆ ಅದೇ ಅಳತೆ. ಸೋಪಿನ ಹಂಡೆ 60 ಡಿಗ್ರಿಯ ಹತ್ತಿರ. ಎರಡರ ನಡುವೆ ಬಟ್ಟೆಯನ್ನು ಎಷ್ಟು ಹಿಂಡಬೇಕು, ಎಷ್ಟು ಹಸಿ ಉಳಿಸಬೇಕು ಎನ್ನುವುದು ನನ್ನ ಕೈಗೆ ಕೂತ ಹದ, ಅದನ್ನು ಇಲ್ಲಿ ಬರೆಯುವುದಿಲ್ಲ. ಪಟಿಕದ ನಂತರ ಎರಡು ಸಲ ತೊಳೆಯಲೇಬೇಕು. ಅದರ ಹುಳಿ ಉಳಿದರೆ ಹತ್ತಿಯ ನೂಲು ಕ್ರಮೇಣ ಸಾಯುತ್ತದೆ. ಐಲೆಟ್ ಹೊಡೆಯುವುದು ಇದೆಲ್ಲ ಮುಗಿದ ಮೇಲೆಯೇ.

ಇಷ್ಟಕ್ಕೆ ಸಾಧಾರಣ ಮಳೆ ನಿಲ್ಲುತ್ತದೆ. ಲಾರಿಗೆ ಸಾಲದು, ಗಾಳಿಯ ಹೊಡೆತಕ್ಕೆ ಮೇಲೊಂದು ತೆಳು ಮೇಣ ಬೇಕು. ಮೇಣದ ಪಾತ್ರೆಯನ್ನು ನೇರ ಉರಿಗೆ ಇಡುವುದನ್ನು ಬಿಟ್ಟೆ. ನೀರಿನ ಹಂಡೆಯೊಳಗೆ ಪಾತ್ರೆ, ಹಂಡೆಗೆ ಉರಿ. ನೀರು ಕುದಿದರೂ ಮೇಣ 100 ಡಿಗ್ರಿ ದಾಟುವುದಿಲ್ಲ, ಹೊತ್ತಿಕೊಳ್ಳುವ ಮಾತೇ ಇಲ್ಲ. ಹಾಗೂ ಮೇಣಕ್ಕೆ ಬೆಂಕಿ ತಗುಲಿದರೆ ಮುಚ್ಚಳ ಮುಚ್ಚಿ, ಮರಳು ಹಾಕಿ, ನೀರು ಮಾತ್ರ ಎರಚಬೇಡಿ ಎಂದು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿದ್ದೇನೆ. ಒಣ ಬಟ್ಟೆಗೆ ಮೇಣ ಬಳಿದು ಇಸ್ತ್ರಿ ಪೆಟ್ಟಿಗೆ ಆಡಿಸಿದರೆ ಒಳಗೆ ಇಳಿಯುತ್ತದೆ. ಬರೀ ಮೇಣ ಹಾಕಿದರೆ ಚಳಿಗಾಲದಲ್ಲಿ ಮಡಿಕೆಯ ಜಾಗ ಸೀಳುತ್ತದೆ. ಅದಕ್ಕೆ ನಾನು ಸೇರಿಸುವ ಇನ್ನೊಂದು ವಸ್ತುವಿದೆ. ವಾಸನೆ ಇಲ್ಲ, ವಿಷವಲ್ಲ, ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ. ಹೆಸರು ಮಾತ್ರ ಕೇಳಬೇಡಿ.

ಹೊಸ ಪದ್ಧತಿಗೂ ಅದರದೇ ಅಪಾಯಗಳಿವೆ. ಬಿಸಿ ಸೋಪಿನ ನೀರು ಸಿಡಿದರೆ ಚರ್ಮ ಸುಲಿಯುತ್ತದೆ, ಮೊಣಕೈವರೆಗಿನ ಗ್ಲೌಸು ಬೇಕು. ನೆಲ ವಿಪರೀತ ಜಾರುತ್ತದೆ. ಗೋಣಿ ಹಾಸಿ ನೋಡಿದೆ, ಗೋಣಿಯೂ ಜಾರಿತು. ಕೊನೆಗೆ ಒರಟು ಸಿಮೆಂಟು ಹಾಕಿಸಿ ಎಲ್ಲರಿಗೂ ಗಮ್‌ಬೂಟು ಕೊಡಿಸಿದೆ. ಹಸಿ ಕೆಲಸ, ಇಸ್ತ್ರಿ ಕೆಲಸ ಒಂದೇ ಜಾಗದಲ್ಲಿ ಇಲ್ಲ, ಒಂದೇ ದಿನವೂ ಇಲ್ಲ. ಇಸ್ತ್ರಿಯ ಲೈನಿಗೆ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನು ಕಡಿಯುವ ಸ್ವಿಚ್ಚು) ಹಾಕಿಸಿದ್ದೇನೆ.

ಹಣದ ಮಾತಿಗೆ ಬರೋಣ. ಮೊದಲು ಒಂದು ತಾಡಪಾಲಿಗೆ ಟರ್ಪೆಂಟೈನಿಗೇ ಸಾವಿರದ ಎಂಟುನೂರರ ಹತ್ತಿರ, ಮೇಲೆ ಮೇಣ. ಈಗ ಸೋಪು, ಪಟಿಕ, ಮೇಣ, ಸೌದೆ ಎಲ್ಲ ಸೇರಿ ಏಳೆಂಟುನೂರು. ಕೂಲಿ ಐನೂರು ಹೆಚ್ಚು, ಒಣಗಲು ಒಂದು ದಿನ ಜಾಸ್ತಿ. ಎಲ್ಲ ಕಳೆದರೂ ಒಂದಕ್ಕೆ ಆರುನೂರು ರೂಪಾಯಿಯಷ್ಟು ಉಳಿಯುತ್ತದೆ. ಅದಕ್ಕಿಂತ ದೊಡ್ಡ ಲಾಭವೆಂದರೆ ಹೊಲಿಗೆಯವರು ತಲೆನೋವೆಂದು ರಜೆ ಹಾಕುವುದು ನಿಂತಿತು.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಚನ್ನಗಿರಿಯ ಅಡಿಕೆ ತೋಟದವರು ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಬೆರೆಸಿದ ನೀರು) ಹೊಡೆಯುವುದನ್ನು ನೋಡಿ, ಪಟಿಕದ ಬದಲು ಮೈಲುತುತ್ತ ಹಾಕಿದೆ. ಬಟ್ಟೆ ಹಸಿರಾಯಿತು, ಬೂಷ್ಟು ಹತ್ತಿರ ಸುಳಿಯಲಿಲ್ಲ. ನೆಲಕ್ಕೆ ತಾಗುವ ಕ್ಯಾನ್ವಾಸಿಗೆ ಇದು ಒಳ್ಳೆಯದು. ಆದರೆ ಕಣ್ಣಿಗೆ ಕನ್ನಡಕ ಬೇಕು, ಉಳಿದ ನೀರು ಮೀನಿಗೆ ವಿಷ, ಚರಂಡಿಗೆ ಬಿಡುವಂತಿಲ್ಲ. ಅದಕ್ಕೇ ದೊಡ್ಡದಾಗಿ ಮಾಡಲಿಲ್ಲ. ಅಗಸೆ ಎಣ್ಣೆ ಬಳಿದದ್ದು ಹಳದಿ ತಿರುಗಿ ಬಿರುಕು ಬಿಟ್ಟಿತು. ಆ ಎಣ್ಣೆ ಒರೆಸಿದ ಬಟ್ಟೆಯನ್ನು ಗುಡ್ಡೆ ಹಾಕಿದರೆ ಯಾರೂ ಕಡ್ಡಿ ಗೀರದೆಯೇ ಒಳಗೊಳಗೆ ಕಾದು ಹೊತ್ತಿಕೊಳ್ಳುತ್ತದೆ. ಈಗಲೂ ಅದನ್ನು ಬಳಸುವವರು ಚಿಂದಿಯನ್ನು ನೀರು ತುಂಬಿದ ತಗಡಿನ ಡಬ್ಬಿಗೆ ಹಾಕಿ ಮುಚ್ಚಿ. ಜೇನುಮೇಣ ಕೈಗೆ ಹಿತ, ವಾಸನೆಯೂ ಚೆಂದ. ದರ ಕೇಳಿ ಬಿಟ್ಟೆ.

ಮಂಡಕ್ಕಿ ಭಟ್ಟಿಯವರು ಮುಂದಿನ ಚಪ್ಪರಕ್ಕೆ ಲಾರಿ ತಾಡಪಾಲೇ ಬೇಕೆಂದು ಮುಂಗಡ ಹಿಡಿದು ಬಂದಿದ್ದರು. ಕೊಡಲಿಲ್ಲ. ಯಾವ ಹತ್ತಿ ಬಟ್ಟೆಯೂ ಉರಿಯುತ್ತದೆ, ಮೇಣ ಕುಡಿದ ಬಟ್ಟೆ ಉರಿಯನ್ನು ಎಳೆದುಕೊಳ್ಳುತ್ತದೆ. ಭಟ್ಟಿ, ಅಡುಗೆ ಪೆಂಡಾಲು, ದೋಸೆ ಅಂಗಡಿಯ ಮುಂದಿನ ನೆರಳು, ಇವಕ್ಕೆಲ್ಲ ಮೇಣವಿಲ್ಲದ ಸೋಪು-ಪಟಿಕದ್ದೇ, ಅದೂ ಒಲೆಯಿಂದ ದೂರಕ್ಕೆ. ಮೇಣ ಹಾಕಿದ್ದಕ್ಕೆ ಮೂಲೆಯಲ್ಲಿ ಕೆಂಪು ದಾರದ ಹೊಲಿಗೆ ಹಾಕುತ್ತೇನೆ. ನನ್ನ ತಾಡಪಾಲನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಆ ಮೂಲೆ ನೋಡಿಕೊಳ್ಳಿ.