ರಜೆಯನ್ನೂ ದರದಲ್ಲಿ ಸೇರಿಸಿ: ಫ್ರೀಲಾನ್ಸರ್‌ಗಳು ಬಿಡುವು ಮಾಡಿಕೊಳ್ಳುವುದು ಹೇಗೆ?

ಹಾವೇರಿ ಕಡೆಯ ನಮ್ಮೂರಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಏರಿಸುತ್ತಿರಲಿಲ್ಲ. ಅದು ಬಸವಣ್ಣನ ವಾರ. ಭಾನುವಾರ ರಾತ್ರಿ ಮಳೆ ಬಿದ್ದು ಹೊಲ ಹದಕ್ಕೆ ಬಂದಿದ್ದರೂ ಅಪ್ಪ ಮಂಗಳವಾರದ ತನಕ ಕಾಯುತ್ತಿದ್ದರು. ಕೆಲಸ ಮುಗಿದ ಮೇಲೆ ಎತ್ತಿಗೆ ಬಿಡುವು ಎಂದು ನೇಮ ಮಾಡಿದ್ದರೆ ಅದಕ್ಕೆ ಬಿಡುವೇ ಸಿಗುತ್ತಿರಲಿಲ್ಲ. ಹೊಲದ ಕೆಲಸ ಎಂದಾದರೂ ಮುಗಿದದ್ದುಂಟೆ?

ನಾನು ಮೈಸೂರಿನಲ್ಲಿ ಮನೆಯಿಂದಲೇ ಅನುವಾದ, ಸಬ್‌ಟೈಟಲ್ ಕೆಲಸ ಮಾಡುತ್ತೇನೆ. ಮೊದಲ ಆರು ವರ್ಷ ನನಗೆ ಆ ಸೋಮವಾರ ನೆನಪಾಗಲೇ ಇಲ್ಲ. ‘ಈ ಫೈಲ್ ಕಳಿಸಿದ ಮೇಲೆ ಎರಡು ದಿನ ಸುಮ್ಮನಿರಬೇಕು’ ಎಂದುಕೊಳ್ಳುತ್ತಿದ್ದೆ. ಅದನ್ನು ಕಳಿಸುವ ಹೊತ್ತಿಗೆ ಇನ್ನೆರಡು ಬಂದು ಕೂತಿರುತ್ತಿದ್ದವು. ಒಂದು ಆಯುಧಪೂಜೆಯಂದು ಲ್ಯಾಪ್‌ಟಾಪಿಗೆ ಅರಿಸಿನ ಕುಂಕುಮ ಹಚ್ಚಿ, ಹೂವಿಟ್ಟು, ಅರ್ಧ ಗಂಟೆಯಾದ ಮೇಲೆ ಅದೇ ಹೂವನ್ನು ಪಕ್ಕಕ್ಕೆ ಸರಿಸಿ ಟೈಪ್ ಮಾಡಲು ಕೂತೆ. ಎದುರಿನ ಬಡಗಿ ಉಳಿ, ಗರಗಸಗಳನ್ನು ಪೂಜೆಗಿಟ್ಟು ಅಂಗಡಿಯ ಬಾಗಿಲು ಎಳೆದುಕೊಂಡಿದ್ದರು. ಆ ಡಿಸೆಂಬರಿನಲ್ಲಿ ಸೊಂಟ ಹಿಡಿದುಕೊಂಡು ಮೂರು ವಾರ ಹಾಸಿಗೆ ಹಿಡಿದೆ. ಆ ಮೂರು ವಾರ ಒಂದು ರೂಪಾಯಿಯೂ ಹುಟ್ಟಲಿಲ್ಲ.

ಅತಿದುಡಿಮೆಯ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾವೆಲ್ಲ ಒಮ್ಮೆ ಗಮನಿಸಬೇಕು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು. ಹೃದ್ರೋಗದಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. ದಿನಕ್ಕೆ ಎಂಟು ಗಂಟೆಯಂತೆ ವಾರದ ಏಳೂ ದಿನ ಕೂತರೆ 56 ಗಂಟೆ. ನಮ್ಮಲ್ಲಿ ಎಷ್ಟೋ ಜನ ಆ ಗೆರೆಯನ್ನು ಗೊತ್ತಿಲ್ಲದೆಯೇ ದಾಟಿದ್ದೇವೆ.

ಮೊದಲು ಲೆಕ್ಕ

ಕಾರ್ಖಾನೆಯ ಕಾರ್ಮಿಕರಿಗೆ 20 ದಿನ ದುಡಿದರೆ ಒಂದು ದಿನದ ಗಳಿಕೆ ರಜೆ ಕಾನೂನಿನಲ್ಲೇ ಇದೆ. ಅವರ ರಜೆಯ ದುಡ್ಡನ್ನು ಮಾಲೀಕ ಕೊಡುತ್ತಾನೆ. ನಮಗೆ ಮಾಲೀಕನಿಲ್ಲ, ಹಾಗಾಗಿ ಅದು ನಾವು ಹೇಳುವ ದರದಲ್ಲೇ ಇರಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ. ಮನೆಗೆ ತಿಂಗಳಿಗೆ 40,000 ರೂಪಾಯಿ ಬೇಕು, 30ರಿಂದ ಭಾಗಿಸಿದರೆ 1,333, ಇದೇ ನನ್ನ ದಿನದ ದರ ಎಂದು ಶುರು ಮಾಡುತ್ತಾರೆ. ಈ ಲೆಕ್ಕದಲ್ಲಿ ಒಂದು ಭಾನುವಾರಕ್ಕೂ ಜಾಗವಿಲ್ಲ.

ಕಾಗದ, ಪೆನ್ನು ತೆಗೆದುಕೊಳ್ಳಿ. ವರ್ಷಕ್ಕೆ 365 ದಿನ. ಶನಿವಾರ, ಭಾನುವಾರಗಳ 104 ಕಳೆದರೆ 261. ಹಬ್ಬ ಮತ್ತು ರಾಷ್ಟ್ರೀಯ ರಜೆಗೆ 10, ನಿಮ್ಮದೇ ರಜೆಗೆ 15, ಜ್ವರ, ಮನೆಯವರ ಆಸ್ಪತ್ರೆ ಓಡಾಟಕ್ಕೆ 8 ಕಳೆಯಿರಿ. ಉಳಿಯುವುದು 228. ಇದರಲ್ಲೂ ದರ ಕೇಳಿದವರಿಗೆ ಉತ್ತರ, ಸ್ಯಾಂಪಲ್, ಬಿಲ್ಲು, ಬಾಕಿ ಹಣಕ್ಕೆ ಫೋನು ಎಂದು ಐದು ದಿನಕ್ಕೆ ಎರಡು ದಿನದಷ್ಟು ಹೊತ್ತು ಹೋಗುತ್ತದೆ ಎಂದಿಟ್ಟುಕೊಳ್ಳಿ. ಹಣ ಹುಟ್ಟುವ ದಿನಗಳು ಸುಮಾರು 137.

ಈಗ ಖರ್ಚು. ಮನೆಗೆ ವರ್ಷಕ್ಕೆ 4,80,000. ಲ್ಯಾಪ್‌ಟಾಪ್, ಇಂಟರ್‌ನೆಟ್, ಸಾಫ್ಟ್‌ವೇರ್, ಯುಪಿಎಸ್ ಬ್ಯಾಟರಿಗೆ 60,000. ಆರೋಗ್ಯ ವಿಮೆಗೆ 25,000. ಉಳಿತಾಯಕ್ಕೆ 96,000. ಒಟ್ಟು 6,61,000. ಇದನ್ನು 137ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 4,825 ರೂಪಾಯಿ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಮನೆಯ ಅಂಕಿಗಳನ್ನು ಹಾಕಿಕೊಳ್ಳಿ.

ಇನ್ನೊಂದು ಸಲ ಭಾಗಿಸಿ ನೋಡಿ. ಆ 15 ದಿನದ ರಜೆಯನ್ನು ಪೂರ್ತಿ ಹೊಡೆದುಹಾಕಿದರೆ ಹಣ ಹುಟ್ಟುವ ದಿನಗಳು 146 ಆಗುತ್ತವೆ, ದರ 4,527ಕ್ಕೆ ಇಳಿಯುತ್ತದೆ. ಅಂದರೆ ವರ್ಷಕ್ಕೆ ಮೂರು ವಾರ ರಜೆ ಬೇಕೆಂದರೆ ದಿನದ ದರಕ್ಕೆ ಸೇರಬೇಕಾದದ್ದು 298 ರೂಪಾಯಿ, ಅಷ್ಟೇ. ಈ ಲೆಕ್ಕ ಮಾಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಷ್ಟು ಸಣ್ಣ ಮೊತ್ತಕ್ಕಾಗಿ ಆರು ವರ್ಷ ಊರಿನ ಜಾತ್ರೆಗೆ ಹೋಗಿರಲಿಲ್ಲ.

ಆ ದರ ಮಾರುಕಟ್ಟೆಯಲ್ಲಿ ಸಿಗುವುದಿಲ್ಲ ಎನ್ನುವವರು ರಜೆಗೆ ಕತ್ತರಿ ಹಾಕುವ ಬದಲು ಹಣ ಹುಟ್ಟದ ದಿನಗಳಿಗೆ ಕೈ ಹಾಕಿ. ಐದರಲ್ಲಿ ಎರಡು ದಿನ ಪೋಲಾಗುತ್ತಿದ್ದುದು ಒಂದಕ್ಕೆ ಇಳಿದರೆ ದರ ಸುಮಾರು 3,632 ಸಾಕು. ನಾನು ಮಾಡಿದ್ದು ಇದನ್ನೇ. 300 ರೂಪಾಯಿಯ ಕೆಲಸಕ್ಕೆ ನಾಲ್ಕು ಸಲ ಫೋನ್ ಮಾಡಿಸುವ ಗ್ರಾಹಕರನ್ನು ಒಬ್ಬೊಬ್ಬರಾಗಿ ಬಿಟ್ಟೆ.

ಆಮೇಲೆ ಕ್ಯಾಲೆಂಡರ್

ಕಳೆದ 12 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಇನ್‌ವಾಯ್ಸ್‌ಗಳನ್ನು ಎದುರಿಗಿಟ್ಟುಕೊಂಡು ಯಾವ ತಿಂಗಳು ಕೈ ತುಂಬಿತ್ತು, ಯಾವುದು ಖಾಲಿ ಎಂದು ಗುರುತಿಸಿ. ಪ್ರತಿ ಕಸುಬಿಗೂ ತನ್ನದೇ ಸುಗ್ಗಿ ಇರುತ್ತದೆ. ಮದುವೆ ಫೋಟೊಗ್ರಾಫರ್‌ಗೆ ಆಷಾಢದಲ್ಲಿ, ಧನುರ್ಮಾಸದಲ್ಲಿ ಮುಹೂರ್ತಗಳಿಲ್ಲ. ಆದರೆ ಆಷಾಢದ ಮೊದಲ ಭಾಗವನ್ನು ವೈಶಾಖದ ಆಲ್ಬಮ್‌ಗಳು ತಿನ್ನುತ್ತವೆ, ಹಾಗಾಗಿ ಅವರಿಗೆ ನಿಜವಾದ ಬಿಡುವು ಅದರ ಕೊನೆಯಲ್ಲಿ. ಜಾಹೀರಾತು ಬರೆಯುವವರಿಗೆ ದಸರೆಯಿಂದ ದೀಪಾವಳಿವರೆಗೆ ಉಸಿರಾಡಲು ಹೊತ್ತಿಲ್ಲ. ಕಂಪನಿ, ಇಲಾಖೆಗಳಿಗೆ ದುಡಿಯುವವರಿಗೆ ಮಾರ್ಚ್. ವಿದೇಶದ ಗ್ರಾಹಕರಿದ್ದರೆ ಡಿಸೆಂಬರ್ 24ರಿಂದ ಹೊಸ ವರ್ಷದವರೆಗೆ ಅವರ ಕಡೆಯೇ ಸದ್ದಿರುವುದಿಲ್ಲ, ಅದನ್ನು ಬಳಸಿಕೊಳ್ಳಿ.

ಖಾಲಿ ಜಾಗ ಗೊತ್ತಾದ ಮೇಲೆ ವರ್ಷದ ರಜೆಯನ್ನು ಒಂದೇ ಸಲ ಕೂತು ಗುರುತು ಹಾಕಿ: ಎಂಟು ಹತ್ತು ದಿನದ ಒಂದು ದೊಡ್ಡ ರಜೆ, ಮೂರು ನಾಲ್ಕು ದಿನದ ಎರಡು ಸಣ್ಣವು, ಊರಿನ ಜಾತ್ರೆ, ಮಕ್ಕಳ ಪರೀಕ್ಷೆ ಮುಗಿಯುವ ದಿನ. ಸಣ್ಣವನ್ನೇ ಕೂಡಿಸಿ ಸಾಕೆನ್ನಬೇಡಿ. ನನ್ನ ಅನುಭವದಲ್ಲಿ ಮೊದಲ ಮೂರು ದಿನ ಕೈ ತಾನಾಗಿ ಫೋನಿನತ್ತ ಹೋಗುತ್ತದೆ. ನಾಲ್ಕನೇ ದಿನದ ಬೆಳಿಗ್ಗೆ ಎಲ್ಲೋ ಮನಸ್ಸು ಮೆತ್ತಗಾಗುತ್ತದೆ.

ದುಡ್ಡನ್ನು ಬೇರೆ ಇಡಿ

ದರ ಸರಿಯಿದ್ದರೂ ಹಣ ಒಂದೇ ಖಾತೆಯಲ್ಲಿದ್ದರೆ ರಜೆಯ ಹೊತ್ತಿಗೆ ಇರುವುದಿಲ್ಲ. ಎರಡನೆಯ ಉಳಿತಾಯ ಖಾತೆ ತೆರೆದು ಪ್ರತಿ ಪೇಮೆಂಟಿನ ಶೇ 10ನ್ನು ಬಂದ ದಿನವೇ ಅಲ್ಲಿಗೆ ಹಾಕಿ. ಮೇಲಿನ ಉದಾಹರಣೆಯಲ್ಲಿ ಅದು ವರ್ಷಕ್ಕೆ 66,100. ರಜೆ 15, ಅನಾರೋಗ್ಯ 8, ಒಟ್ಟು 23 ಕೆಲಸದ ದಿನ, ಅಂದರೆ ನಾಲ್ಕೂವರೆ ವಾರದ ಖರ್ಚು ಸುಮಾರು 58,500. ಸ್ವಲ್ಪ ಮಿಗುತ್ತದೆ ಕೂಡ. ವೃತ್ತಿಪರ ಶುಲ್ಕದಲ್ಲಿ ಶೇ 10 ಟಿಡಿಎಸ್ (ಹಣ ಕೊಡುವ ಮೊದಲೇ ಕಡಿತವಾಗುವ ತೆರಿಗೆ) ಮುರಿದುಕೊಳ್ಳುವ ಕಂಪನಿಗಳಿದ್ದರೆ, ನಿಮ್ಮ ತೆರಿಗೆ ಅದಕ್ಕಿಂತ ಕಡಿಮೆಯಿದ್ದಾಗ ರಿಟರ್ನ್ ಸಲ್ಲಿಸಿದ ಮೇಲೆ ಹೆಚ್ಚಾಗಿ ಮುರಿದ ಹಣ ವಾಪಸು ಬರುತ್ತದೆ. ಅದನ್ನೂ ಈ ಖಾತೆಗೇ ತಿರುಗಿಸಿ.

ಬಾಕಿ ಹಣ ರಜೆಯ ದೊಡ್ಡ ಶತ್ರು. ಒಬ್ಬ ಗ್ರಾಹಕರು ನನ್ನ ಮೂರು ಬಿಲ್ಲುಗಳನ್ನು ಏಳು ತಿಂಗಳು ಎಳೆದಾಗ, ಕಾಯ್ದಿರಿಸಿದ್ದ ರೈಲು ಟಿಕೆಟನ್ನೇ ರದ್ದು ಮಾಡಬೇಕಾಯಿತು. ಆಗ ಗೊತ್ತಿರಲಿಲ್ಲ: ಕೇಂದ್ರದ ಉದ್ಯಮ್ ಪೋರ್ಟಲ್‌ನಲ್ಲಿ ಸೇವಾ ಉದ್ದಿಮೆಯಾಗಿ ಉಚಿತವಾಗಿ ನೋಂದಾಯಿಸಿಕೊಂಡರೆ 2006ರ ಎಂಎಸ್‌ಎಂಇ (ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆಯ ರಕ್ಷಣೆ ಸಿಗುತ್ತದೆ. ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನ, ಇದ್ದರೂ 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಗೊತ್ತುಮಾಡುವ ‘ಬ್ಯಾಂಕ್ ದರ’ ಎಂಬ ಬಡ್ಡಿದರದ ಮೂರು ಪಟ್ಟು ಚಕ್ರಬಡ್ಡಿ. ನೋಂದಣಿ ಸಂಖ್ಯೆಯನ್ನು ಇನ್‌ವಾಯ್ಸ್‌ನಲ್ಲೇ ಅಚ್ಚು ಹಾಕಿಸಿ. ಕಂಪನಿಗಳ ಅಕೌಂಟ್ಸ್ ವಿಭಾಗದವರು ಆ ಸಾಲನ್ನು ಗಮನಿಸುತ್ತಾರೆ.

ಗ್ರಾಹಕರಿಗೆ ಹೇಳುವ ಬಗೆ

ಮೂರು ವಾರ ಮೊದಲು ಒಮ್ಮೆ, ಎರಡು ವಾರ ಮೊದಲು ಮತ್ತೊಮ್ಮೆ. ಕಾರಣ ಬೇಡ, ಕ್ಷಮೆಯೂ ಬೇಡ. ನಾನು ಕಳಿಸುವುದು ಹೀಗೆ:

“ನಮಸ್ಕಾರ ಮೇಡಂ. ಅಕ್ಟೋಬರ್ 5ರಿಂದ 12ರವರೆಗೆ ರಜೆಯಲ್ಲಿರುತ್ತೇನೆ. ಅಷ್ಟರೊಳಗೆ ಬೇಕಾದ ಕೆಲಸವಿದ್ದರೆ ಸೆಪ್ಟೆಂಬರ್ 25ರೊಳಗೆ ಕಳಿಸಿ, ಮುಗಿಸಿಕೊಟ್ಟೇ ಹೋಗುತ್ತೇನೆ. ಆಮೇಲೆ ಬಂದದ್ದನ್ನು 14ರಿಂದ ಕೈಗೆತ್ತಿಕೊಳ್ಳುತ್ತೇನೆ.”

ಇದರಲ್ಲಿ ಮುಖ್ಯವಾದದ್ದು ನಡುವಿನ ವಾಕ್ಯ. ಕೆಲಸ ಕಳಿಸಲು ಕೊನೆಯ ದಿನ ಹೇಳದಿದ್ದರೆ ಹೊರಡುವ ಹಿಂದಿನ ರಾತ್ರಿ ಒಂಬತ್ತಕ್ಕೆ ‘ಅರ್ಜೆಂಟ್’ ಫೈಲ್ ಬರುತ್ತದೆ. ರಜೆಯ ಹಿಂದುಮುಂದಿನ ಒಂದೊಂದು ದಿನವನ್ನು ಯಾರಿಗೂ ಕೊಡದೆ ಇಟ್ಟುಕೊಳ್ಳಿ. 12ಕ್ಕೆ ಮರಳಿ 13ಕ್ಕೇ ಡೆಲಿವರಿ ಒಪ್ಪಿಕೊಂಡರೆ ಕೊನೆಯ ಎರಡು ದಿನ ರಜೆಯಲ್ಲಿದ್ದೂ ಇಲ್ಲದಂತೆ.

ಇಲ್ಲ ಎನ್ನುವುದು ನನಗೆ ಈಗಲೂ ಕಷ್ಟವೇ. ಬಾಯಿ ಬಿಟ್ಟು ಅಭ್ಯಾಸ ಮಾಡಿಕೊಂಡ ಮಾತು ಇದು: “ಸರ್, ಈ ವಾರ ಕೈ ತುಂಬಿದೆ. ಮುಂದಿನ ಬುಧವಾರ ಶುರು ಮಾಡಿ ಶನಿವಾರ ಕೊಡಬಲ್ಲೆ. ಅದಕ್ಕೂ ಮೊದಲೇ ಬೇಕಿದ್ದರೆ ಬೇರೆಯವರಿಗೆ ಕೊಡಿ, ನನಗೆ ಬೇಸರವಿಲ್ಲ.” ಹೀಗೆ ಹೇಳಿದವರಲ್ಲಿ ಹೆಚ್ಚಿನವರು ಶನಿವಾರದವರೆಗೆ ಕಾದರು. ಕಾಯದವರೂ ಇದ್ದಾರೆ. ದಿನಕ್ಕೆ 2,000 ಪದ ಮಾಡಬಲ್ಲೆನಾದರೂ 1,500ರ ಲೆಕ್ಕದಲ್ಲೇ ದಿನಾಂಕ ಕೊಡುತ್ತೇನೆ. ಕರೆಂಟ್ ಹೋಗುವುದು, ನೆಂಟರು ಬರುವುದು ಆ 500 ಪದಗಳ ಜಾಗದಲ್ಲಿ ಹಿಡಿಸುತ್ತವೆ.

ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ರಜೆಯ ಸಂದೇಶವನ್ನು ದಿನ, ಹೊತ್ತು ಗೊತ್ತುಮಾಡಿ ಇಡಬಹುದು, ಜಿಮೇಲ್‌ನಲ್ಲೂ ದಿನ ಗೊತ್ತುಮಾಡಿ ಇಡುವ ಸೌಲಭ್ಯವಿದೆ. ಎರಡನ್ನೂ ಹೊರಡುವ ಹಿಂದಿನ ದಿನವೇ ಮಾಡಿಡಿ.

ಮುಯ್ಯಾಳು ಇಟ್ಟುಕೊಳ್ಳಿ

ನಾಟಿಯಲ್ಲಿ, ಕೊಯ್ಲಿನಲ್ಲಿ ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು ಎಂಬ ಮುಯ್ಯಾಳು ಪದ್ಧತಿ ಇತ್ತಲ್ಲ, ಅದನ್ನೇ ಇಲ್ಲಿಗೆ ತನ್ನಿ. ನನಗೆ ಧಾರವಾಡದಲ್ಲಿ ಇಂಥ ಒಬ್ಬ ಗೆಳತಿ ಇದ್ದಾಳೆ. ನಮ್ಮ ಕಟ್ಟುಪಾಡು ಮೂರೇ ಮಾತಿನದು. ಗ್ರಾಹಕರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು, ಗುಟ್ಟಿನ ಕಾಗದಪತ್ರವಿದ್ದರೆ ಕೊಡಲೇಬಾರದು. ಮಾಡಿದ ಕೆಲಸದ ಪೂರ್ತಿ ಹಣ ಮಾಡಿದವಳಿಗೆ, ಕಮಿಷನ್ ಇಲ್ಲ. ಅವಳ ಗ್ರಾಹಕರು ಆಮೇಲೆ ನನ್ನನ್ನೇ ನೇರವಾಗಿ ಕೇಳಿದರೆ ಅವಳಿಗೆ ಹೇಳದೆ ನಾನು ಒಪ್ಪುವಂತಿಲ್ಲ. ಸಣ್ಣ ಕೆಲಸವೊಂದನ್ನು ಇಬ್ಬರೂ ಅದಲುಬದಲು ಮಾಡಿ ನೋಡಿದ ಮೇಲಷ್ಟೇ ದೊಡ್ಡದನ್ನು ಒಪ್ಪಿಸಿ.

ಹೇಳದೆ ಕೇಳದೆ ಬರುವ ಕಾಯಿಲೆಗೆ ಬೇರೆ ಸಿದ್ಧತೆ ಬೇಕು. ಒಂದು ಹಾಳೆಯಲ್ಲಿ ಈಗ ಕೈಯಲ್ಲಿರುವ ಕೆಲಸಗಳು, ಯಾವುದು ಯಾವ ದಿನಕ್ಕೆ, ಗ್ರಾಹಕರ ಫೋನ್ ನಂಬರ್, ಮುಯ್ಯಾಳಿನ ನಂಬರ್, ಫೈಲ್‌ಗಳಿರುವ ಫೋಲ್ಡರ್ ಬರೆದು ಬೀರುವಿನ ಬಾಗಿಲ ಒಳಗೆ ಅಂಟಿಸಿ. ಪ್ರತಿ ಸೋಮವಾರ ಬದಲಿಸಿ. ಸೊಂಟ ಹಿಡಿದ ಆ ಡಿಸೆಂಬರಿನಲ್ಲಿ ನನ್ನ ಬಳಿ ಈ ಹಾಳೆ ಇರಲಿಲ್ಲ. ಕಳೆದ ವರ್ಷ ಡೆಂಗಿ ಬಂದು ಆಸ್ಪತ್ರೆ ಸೇರಿದಾಗ ಇತ್ತು. ನನಗೆ ಡ್ರಿಪ್ ಹಾಕುವಷ್ಟರಲ್ಲಿ ಮಗಳು ಆ ಹಾಳೆಯ ಫೋಟೊ ತರಿಸಿಕೊಂಡು ನಾಲ್ವರಿಗೆ ಫೋನ್ ಮಾಡಿ ಮುಗಿಸಿದ್ದಳು. ಧಾರವಾಡದ ಗೆಳತಿ ಎರಡು ಕೆಲಸ ತೆಗೆದುಕೊಂಡಳು, ಇನ್ನೆರಡಕ್ಕೆ ಹತ್ತು ದಿನದ ಗಡುವು ಸಿಕ್ಕಿತು.