ಶೆಡ್ಡಿಗೊಂದು ಪುಟ್ಟ ಒಲೆ ಕಟ್ಟಿದ್ದು

ಸಕಲೇಶಪುರದ ಹಾನುಬಾಳು ಕಡೆ ಮಳೆಗಾಲ ಕಳೆದೋರಿಗೆ ಗೊತ್ತು, ಜುಲೈ ಬಂತಂದ್ರೆ ಹಾಸಿಗೆ ಬಟ್ಟೆ ಎಲ್ಲಾ ತಣ್ಣಗೆ ಹಸಿಹಸಿ, ಗೋಣಿಚೀಲಕ್ಕೂ ಬೂಷ್ಟು. ಮನೆ ಹಿಂದಿನ ಶೆಡ್ಡಲ್ಲಿ ನಾನು ಮರಗೆಲಸ ಮಾಡ್ಕೊಂಡು ಕೂರ್ತೀನಿ, ಚಳಿ ಕಾಯಿಸ್ಕೊಳಕ್ಕೆ ಏನಾದ್ರೂ ಬೇಕಿತ್ತು. ಬಾಂಡ್ಲೀಲಿ ಕೆಂಡ ತುಂಬ್ಕೊಂಡು ಬಾಗಿಲು ಹಾಕ್ಕೊಂಡು ಕೂರೋದಂತೂ ಬೇಡವೇ ಬೇಡ, ಕಾರ್ಬನ್ ಮೋನಾಕ್ಸೈಡ್‌ಗೆ ವಾಸನೆ ಇಲ್ಲ, ತೂಕಡಿಕೆ ಬಂದಂಗಾಗಿ ಅಲ್ಲೇ ಕಥೆ ಮುಗಿಯುತ್ತೆ.

ಒಲೆ ಕಟ್ಟೋದು ದೊಡ್ಡ ವಿಷ್ಯ ಅಲ್ಲ. ನೆಲಕ್ಕೆ ಚಪ್ಪಡಿ ಕಲ್ಲು, ಒಳಗೆ ಬಿಸಿ ತಡ್ಕೊಳೋ ಫೈರ್ ಬ್ರಿಕ್, ಹೊರಗೆ ಮಾಮೂಲಿ ಇಟ್ಟಿಗೆ. ಬೆಂಕಿ ತಾಗೋ ಕಡೆ ಸಿಮೆಂಟ್ ಬಿಸಿಗೆ ಬಿರುಕು ಬಿಡುತ್ತೆ ಅಂತ ಜೇಡಿಮಣ್ಣು ಮರಳು ಕಲಸಿ ಹಾಕ್ಸಿದೆ, ಗಾರೆಯವ್ರು ಮಾತ್ರ "ಗೌಡ್ರೆ, ಒಂಚೂರು ಸಿಮೆಂಟ್ ಬೀಳ್ಲಿ" ಅಂತ ಕೊನೇ ತನಕ ಗೊಣಗ್ತಾನೇ ಇದ್ರು.

ತಲೆ ಕೆಡಿಸ್ಕೊಂಡಿದ್ದೆಲ್ಲಾ ಹೊಗೆ ಪೈಪಿಗೆ. ಜಿಐ ಪೈಪ್, ಅಂದ್ರೆ ಸತು ಲೇಪದ ಕಬ್ಬಿಣದ ಪೈಪ್ ಅಗ್ಗ, ಆದ್ರೆ ಅದರ ಮೇಲಿನ ಸತು ತುಂಬಾ ಕಾದ್ರೆ ಕೆಟ್ಟ ಹೊಗೆ ಬಿಡುತ್ತೆ, ಅದಕ್ಕೆ 6 ಇಂಚಿನ ಸ್ಟೇನ್‌ಲೆಸ್ ಸ್ಟೀಲ್ ಹಾಕಿಸ್ದೆ. ಒಂದೇ ಪದರದ ಪೈಪಿಗೂ ಮರಕ್ಕೂ ಕಡಿಮೆ ಅಂದ್ರೂ 18 ಇಂಚು ಅಂತರ ಇರ್ಬೇಕು, ಹಾಗಾಗಿ ಆ ಜಾಗದ ಮರದ ರೀಪು ತೆಗ್ಸಿ ಕಬ್ಬಿಣದ ಆಂಗಲ್ ಕೊಡ್ಸಿದೆ. ಪೈಪ್ ಹೊರಗೆ ಹೋಗಕ್ಕೆ ಮಾಡಿನ ಶೀಟ್ ತೂತು ಮಾಡೋ ಕಡೆ ಸುತ್ತ ಹಾಕೋ ತಗಡಿನ ಮೇಲ್ತುದಿ ಮೇಲಿನ ಶೀಟಿನ ಅಡಿಗೆ ಹೋಗ್ಬೇಕು, ಕೆಳತುದಿ ಕೆಳಗಿನ ಶೀಟಿನ ಮೇಲೆ ಬರ್ಬೇಕು, ಆಮೇಲೆ ಪೈಪಿಗೇ ಛತ್ರಿ ಥರ ಒಂದು ಕಾಲರ್, ಇಷ್ಟಾದ್ರೆ ನಮ್ಮ ಮಳೆಗೂ ಸೋರಲ್ಲ. ಬರೀ ಸಿಲಿಕೋನ್ ಮೆತ್ತಿದ್ರೆ ಸಾಕು ಅನ್ನೋರ ಮಾತು ಕೇಳ್ಬೇಡಿ, ಮಾಮೂಲಿ ಸಿಲಿಕೋನ್ ಆ ಬಿಸಿಗೆ ನಿಲ್ಲಲ್ಲ. ಪೈಪ್ ಶೀಟಿಂದ ಮೇಲೆ 3 ಅಡಿ ಆದ್ರೂ ಇರ್ಲಿ, ಸುತ್ತ 10 ಅಡಿ ಒಳಗೆ ಮನೆ ಮಾಡು ಎತ್ತರಕ್ಕಿದ್ರೆ ಅದಕ್ಕಿಂತ 2 ಅಡಿ ಜಾಸ್ತಿ, ಇಲ್ದಿದ್ರೆ ಗಾಳಿ ಹೊಗೇನ ವಾಪಸ್ ಒಳಗೇ ನೂಕುತ್ತೆ.

ಮೊದಮೊದಲು ಪುರಲೆ ಹಾಕಿ ಸಣ್ಣ ಉರಿ ಅಷ್ಟೇ, ಮಣ್ಣು ನಿಧಾನಕ್ಕೆ ಒಣಗ್ಬೇಕು. ಮಳೆ ಜೋರಿದ್ದಾಗ ಪೈಪ್ ತಣ್ಣಗಿರುತ್ತೆ, ಹೊಗೆ ಮೇಲೇರಲ್ಲ, ಆಗ ಒಲೆ ಕಡೆ ಪೈಪಿನ ಬಾಯಿಗೆ ಒಂದು ಪೇಪರ್ ಹಚ್ಚಿ ಹಿಡಿದ್ರೆ ಎಳ್ಕೊಳುತ್ತೆ. ಕಿಟಕಿ ಒಂಚೂರು ತೆಗ್ದೇ ಇರ್ಲಿ.

ಸೌದೆಗೆ ಕಿತ್ತು ಹಾಕಿದ ಹಳೇ ಕಾಫಿ ಬುಡದಷ್ಟು ಒಳ್ಳೇದು ಇನ್ನೊಂದಿಲ್ಲ, ಬೇಸಿಗೇಲೇ ಒಣಗಿಸಿ ಅಟ್ಟಕ್ಕೆ ಹಾಕಿರ್ಬೇಕು. ಹಸಿ ಸೌದೆ ಉರಿಸಿದ್ರೆ ಪೈಪ್ ಒಳಗೆ ಕಪ್ಪು ಅಂಟು ಕೂರುತ್ತೆ, ಅದೇ ಒಂದಿನ ಹತ್ಕೊಂಡು ಉರಿಯೋದು. ಅದಕ್ಕೇ ಕ್ಲೀನ್ ಮಾಡಕ್ಕೆ ಅಂತ ಪೈಪಿನ ಬುಡದಲ್ಲಿ ಮುಚ್ಚಳ ಇರೋ 'T' ಆಕಾರದ ಒಂದು ಜಾಯಿಂಟ್ ಬಿಡ್ಸಿದೀನಿ, ಬ್ರಷ್ ಇನ್ನೂ ತಂದಿಲ್ಲ, ಸದ್ಯಕ್ಕೆ ಹಗ್ಗಕ್ಕೆ ಗೋಣಿ ಕಟ್ಟಿ ಎಳೀತಿದೀನಿ.